ನಕ್ಷತ್ರಗೋಳಕ್ಕೆ ನಾನು ಬರೆದ ಷರಾ

ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಜಗಳೂರಿನ ಸಭಿಕರೇ, ಊಟದ ವಾಸನೆ ಹಿಡಿದು ಆಗಲೇ ಬಾಗಿಲ ಕಡೆ ನೋಡುತ್ತಿರುವ ನನ್ನ ವಿದ್ಯಾರ್ಥಿಗಳೇ,

ಈ ಶಾಲು, ಈ ಹಾರ ನನಗೆ ಹೆಮ್ಮೆ. ಮಾನಪತ್ರದಲ್ಲಿ, "ಕೆಟ್ಟಿದ್ದ ನಕ್ಷತ್ರಗೋಳವನ್ನು ರಿಪೇರಿ ಮಾಡಿ ಮಕ್ಕಳಿಗೆ ಆಕಾಶ ತೋರಿಸಿದ ಮೇಷ್ಟ್ರು" ಎಂದು ಓದಿದಾಗ ನಾನೂ ಚಪ್ಪಾಳೆ ತಟ್ಟಿಬಿಟ್ಟೆ. ಆದರೆ ಸಭಿಕರೇ, ಅದು ಕೆಟ್ಟಿತ್ತೇ?

ಆರು ವರ್ಷದ ಕೆಳಗೆ ದಾನಿಯೊಬ್ಬರು ಶಾಲೆಗೆ ಎರಡು ಗೋಳ ಕೊಟ್ಟರು. ಒಂದರ ಮೇಲೆ ದೇಶ, ಇನ್ನೊಂದರ ಮೇಲೆ ನಕ್ಷತ್ರ.

ನೆಲಕ್ಕೊಂದು ಗೋಳ, ಬಾನಿಗೊಂದು ಗೋಳ,
ನಡುವೆ ನಿಂತ ನನ್ನ ಹೊಟ್ಟೆ ಮೂರನೇ ಗೋಳ!

ಪದ್ಯ ಇನ್ನೂ ಇದೆ. ಹೆದರಬೇಡಿ, ಓದುವುದಿಲ್ಲ.

ನಕ್ಷತ್ರಗೋಳದಲ್ಲಿ ಸಪ್ತರ್ಷಿ ಮಂಡಲ ಎಡಬಲ ಅದಲುಬದಲಾಗಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ತನ್ನ ಮೇಲೆ ಸಂಶಯ ಬರುತ್ತದೆಯೇ? "ದೋಷಯುಕ್ತ" ಎಂದು ಷರಾ ಬರೆದು, ಸಹಿ ಹಾಕಿ, ಬೀರುವಿಗೆ ಬೀಗ ಹಾಕಿದೆ. ಮೂರು ವರ್ಷದ ಮೇಲೆ ಗುಜರಿಗೆ ಸಾಗಿಸುವ ದಿನ ಹತ್ತನೇ ತರಗತಿಯ ಚೈತ್ರಶ್ರೀ ಅಡ್ಡ ನಿಂತಳು.

"ಸಾರ್, ಇದು ಸರಿಯಾಗೇ ಐತೆ. ನಿಮ್ಮ ಕೊಡೆ ಕೊಡ್ರಿ."

ಮಳೆಯೇ ಬಾರದ ಜಗಳೂರಿನಲ್ಲಿ ಕೊಡೆಗೆ ಬೇರೆ ಕೆಲಸವೇನು? ಕೊಟ್ಟೆ. ಪಿನ್ನು ತೆಗೆದು ಏಳು ತೂತು ಚುಚ್ಚಿದಳು. ಮಾವ ಕೊಟ್ಟ ಹೊಸ ಕೊಡೆ! ಹೊರಗಡೆ ತೂತಿನ ಸುತ್ತ ಚಾಕ್‌ಪೀಸಿನ ಗುರುತು ಹಾಕಿ, ಬಿಸಿಲಿಗೆ ಬಿಚ್ಚಿ ಹಿಡಿದಳು.

"ಒಳಗೆ ಬರ್ರಿ ಸಾರ್."

ತಲೆಯ ಮೇಲೆ ಸಪ್ತರ್ಷಿ, ಆಕಾಶದಲ್ಲಿದ್ದ ಹಾಗೆಯೇ.

"ಈಗ ಹೊರಗೆ ಬಂದು ನೋಡ್ರಿ."

ಎಡಬಲ ಅದಲುಬದಲು, ಗೋಳದಲ್ಲಿದ್ದ ಹಾಗೆಯೇ.

"ಗೋಳ ಮಾಡಿದೋರು ಆಕಾಶದ ಹೊರಗೆ ನಿಂತು ಬರ್ದವ್ರೆ ಸಾರ್. ನಾವು ಒಳಗೆ ಅದೀವಿ."

ಆಮೇಲೆ ಎರಡೂ ಗೋಳ ಪಕ್ಕಪಕ್ಕ ಇಟ್ಟುಕೊಂಡು ಕಲಿತೆವು. ಧ್ರುವನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಅಷ್ಟೇ ನಮ್ಮ ಊರಿನ ಅಕ್ಷಾಂಶ, ಜಗಳೂರಿಗೆ ಹದಿನಾಲ್ಕೂವರೆ. ನಾವಿಕರು ನಡುನೀರಿನಲ್ಲಿ ದಾರಿ ಹಿಡಿದದ್ದು ಹೀಗೆ.

ಅದೇ ತಿಂಗಳು ತಪಾಸಣೆಗೆ ಬಂದ ಸಾಹೇಬರು, "ಗೋಳ ರಿಪೇರಿ ಮಾಡಿದ್ರಾ ಮೇಷ್ಟ್ರೇ?" ಎಂದರು. ನಾನು ಸುಮ್ಮನೆ ನಕ್ಕೆ. ಆ ನಗುವಿಗೇ ಈ ಶಾಲು.

ಅವರು ಹೋದ ಮೇಲೆ ಹುಡುಗಿ ಕೇಳಿದಳು: "ಸಾರ್, ನನ್ನ ಹೆಸರು ಹೇಳ್ಲೇ ಇಲ್ವಲ್ರೀ?"

"ಇನ್ನೊಂದ್ಸಲ ಹೇಳ್ತೀನಮ್ಮ" ಎಂದೆ. ಆ ಇನ್ನೊಂದು ಸಲ ಬರಲು ಮೂರು ವರ್ಷ ಹಿಡಿಯಿತು.

ಚೈತ್ರಶ್ರೀ ಈಗ ಹಡಗು ನಡೆಸುವ ಓದಿಗೆ ಆಯ್ಕೆಯಾಗಿದ್ದಾಳೆ. "ಜಗಳೂರಾಗೆ ಸಮುದ್ರ ಎಲ್ಲೈತ್ರೀ ಸಾರ್?" ಎಂದಿದ್ದ ಅವಳ ತಂದೆ ಯರ್ರಿಸ್ವಾಮಿಯವರು ಮಗಳ ಪಕ್ಕ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಅವಳ ಪ್ರಯಾಣ.

ಅಧ್ಯಕ್ಷರೇ, ಮಾನಪತ್ರದಲ್ಲಿ ನನ್ನ ಹೆಸರು ಹೊಡೆದು ಅವಳದು ಬರೆಸಿ. ಬಸ್ಸು ಹೊರಡುವ ಮೊದಲೇ ಬರೆಸಿ. ಅವಳ ಮೇಷ್ಟ್ರು ಎನ್ನಿಸಿಕೊಳ್ಳುವ ಹೆಮ್ಮೆಯೊಂದನ್ನು ಮಾತ್ರ ನನಗೆ ಬಿಡಿ.

ಚೈತ್ರಶ್ರೀ, ಎದ್ದು ನಿಲ್ಲಮ್ಮ. ಎಲ್ಲರೂ ನೋಡಲಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.