ಕೊನೇ ಬಸ್ಸಿನ ಹಾಡಿನ ಕೊನೇ ಸಾಲು

ಹಲೋ... ಹಲೋ, ಬೊಂಬಾಯಿಯಾ? ಯಾರು ಮಾತಾಡುದು?... ಯಾರು?... ಹಾಂ, ತೃಷಾ. ಶೆಟ್ರ ಮಗಳಾ? ಒಳ್ಳೇದಾಯ್ತು. ಅಪ್ಪ ಹೋಟೆಲಿನಲ್ಲೇ ಇದ್ದಾರಾ ಮಗಾ, ನಿತ್ಯಾನಂದ ಶೆಟ್ರು?...

ನಾನಾ? ನಾನು ಹಸನಬ್ಬ. ಊರಿನಿಂದ, ಮೆಲ್ಕಾರಿನಿಂದ... ಅಷ್ಟು ಹೇಳಿದ್ರೆ ಅವರಿಗೆ ಗೊತ್ತಾಗ್ಲಿಕ್ಕಿಲ್ಲ. ಕಂಡಕ್ಟರ್ ಹಸನಬ್ಬ ಅಂತ ಹೇಳು. ಮೂಡುಬಿದಿರೆ–ವಿಟ್ಲ ಕೊನೇ ಬಸ್ಸಿನ ಕಂಡಕ್ಟರ್. ಈಗ ರಿಟೈರ್ಡ್...

ಅಡಿಗೆ ಕೋಣೆಯಲ್ಲಿದ್ದಾರಾ? ಬರ್ಲಿ, ಬರ್ಲಿ. ನಾನು ಕಾಯ್ತೇನೆ. ಹಸನಬ್ಬ ಕಾಯ್ತಾ ಇದ್ದಾನೆ ಅಂತ ಹೇಳು, ನಿನ್ನ ಅಪ್ಪ ನಂಬುದಿಲ್ಲ...

ಎಂತ ವಿಷಯ ಅಂದ್ರೆ ಅವರ ಬ್ಯಾಂಡಿನದ್ದು... ಬ್ಯಾಂಡ್, ಬ್ಯಾಂಡ್! ಮದುವೆಯ ಬ್ಯಾಂಡ್ ಅಲ್ಲ ಮಾರಾಯ್ತಿ, ರಾಕ್ ಬ್ಯಾಂಡ್... ನಿನಗೆ ಗೊತ್ತಿಲ್ವಾ?... ಅಪ್ಪ ಹೇಳ್ಲೇ ಇಲ್ವಾ?... ಯಾ ಅಲ್ಲಾ! ನಿನ್ನ ಅಪ್ಪ ಹಾಡ್ತಿದ್ರು ಮಗಾ. ಹೆಗಲಿನವರೆಗೆ ಕೂದಲು, ನೆಲ ಗುಡಿಸುವ ಪ್ಯಾಂಟು. ‘ರೆಡ್ ರಾಕ್ಸ್’ ಅಂತ ಹೆಸರು, ಊರಿನವರು ಕರೆಯುದು ಕೆಂಪುಕಲ್ಲು ಪಾರ್ಟಿ ಅಂತ... ನಗು, ನಗು. ಬಂದ್ರಾ? ಕೊಡು ಅವರಿಗೆ...

ಹಲೋ... ಶೆಟ್ರೇ, ನಮಸ್ಕಾರ. ಹಸನಬ್ಬ...

ಹಾಂ, ಅದೇ ಹಸನಬ್ಬ. ಬದುಕಿದ್ದೇನೆ... ಇಡ್ಬೇಡಿ! ಫೋನು ಇಡ್ಬೇಡಿ ಶೆಟ್ರೇ, ಎರಡು ಮಾತು ಉಂಟು... ನಂಬರು ಭೋಜ ಕೊಟ್ಟದ್ದು, ನಿಮ್ಮ ಡ್ರಮ್ಮಿನ ಭೋಜ. ಅವನಿಗೆ ಬೈಬೇಡಿ, ನಾನೇ ಗಂಟು ಬಿದ್ದು ತೆಕ್ಕೊಂಡದ್ದು...

ಹೌದು, ಕೇಳಿದ್ದು ನಿಜ. ಮೊನ್ನೆ ಶನಿವಾರ ಮೂಡುಬಿದಿರೆಯಲ್ಲಿ ಪ್ರೋಗ್ರಾಂ ಆಯ್ತು. ಭೋಜ, ಅಬ್ದುಲ್ ರವೂಫ್, ಇಬ್ಬರೂ. ಎಂಬತ್ತೊಂದರ ಮೇಲೆ ಇದೇ ಮೊದಲು. ಇಪ್ಪತ್ತಮೂರು ವರ್ಷ! ಜಾಗವೂ ಅದೇ, ಬಸ್ ಸ್ಟ್ಯಾಂಡಿನ ಹಿಂದಿನ ಮೈದಾನ. ನಾನು ಎದುರಿನ ಸಾಲಿನಲ್ಲೇ ಕೂತಿದ್ದೆ...

ಹೇಗಿತ್ತಾ? ಕೇಳಿ ಹಾಗಾದ್ರೆ. ಮನೆಯಲ್ಲಿ ನಮ್ಮ ಸಫಿಯಮ್ಮನಿಗೆ ಹೇಳಿದೆ, ರಾಕ್ ಪ್ರೋಗ್ರಾಂ ಉಂಟು, ಹೋಗುವ ಅಂತ. ಕಲ್ಲಿನ ಕೋರೆಯವರದ್ದಾ ಅಂತ ಕೇಳಿದಳು. ಅಲ್ಲ ಮಾರಾಯ್ತಿ, ಕೆಂಪುಕಲ್ಲು ಪಾರ್ಟಿಯದ್ದು ಅಂದೆ. ಹಾಗಾದ್ರೆ ಕೋರೆಯವರದ್ದೇ ಅಲ್ವಾ ಅಂದಳು. ಬರ್ಲಿಲ್ಲ...

ಭೋಜನಾ? ಅವನ ಹೊಟ್ಟೆ ಡ್ರಮ್ಮಿಗೆ ತಾಗ್ತದೆ ಶೆಟ್ರೇ. ಯಾವುದು ಡ್ರಮ್ಮು, ಯಾವುದು ಭೋಜ ಅಂತ ದೂರದಿಂದ ಗೊತ್ತಾಗುದಿಲ್ಲ. ಕನ್ನಡಕಕ್ಕೆ ದಾರ ಕಟ್ಟಿದ್ದ. ಭುಜಕ್ಕೆ ನೋವಿನ ಮುಲಾಮು ಹಚ್ಚಿ ಬಂದದ್ದು, ನಾಲ್ಕನೇ ಸಾಲಿನವರೆಗೆ ಘಾಟು. ಆದ್ರೆ ಬಾರಿಸ್ಲಿಕ್ಕೆ ಶುರು ಮಾಡಿದ ಮೇಲೆ, ಅಬ್ಬಬ್ಬಾ! ನಮ್ಮ ಹಳೇ ಡೀಸೆಲ್ ಇಂಜಿನ್ನು ಮಾರಾಯ್ರೇ. ಸ್ಟಾರ್ಟಾಗ್ಲಿಕ್ಕೆ ತಡ, ಆದ ಮೇಲೆ ಘಾಟಿ ಹತ್ತಿಯೇ ನಿಲ್ಲುದು...

ರವೂಫ್ ದಮ್ಮಾಮಿನಿಂದ ರಜೆಯಲ್ಲಿ ಬಂದದ್ದು. ಗಡ್ಡಕ್ಕೆ ಮದರಂಗಿ. ಗಿಟಾರು ಶ್ರುತಿ ಮಾಡಿದ, ಮಾಡಿದ, ಹತ್ತು ನಿಮಿಷ ಮಾಡಿದ. ಜನ ಅದೇ ಮೊದಲನೇ ಹಾಡು ಅಂತ ಚಪ್ಪಾಳೆ ಹೊಡೆದ್ರು. ಅವನೂ ಸುಮ್ಮನೆ ಕೈ ಮುಗಿದ, ಎಂತ ಮಾಡುದು...

ಇಲ್ಲ, ಹೊಸತು ಒಂದೂ ಇಲ್ಲ. ಎಲ್ಲ ನೀವು ಕಟ್ಟಿದ್ದೇ. ಆ ಎಪ್ಪತ್ತೊಂಬತ್ತು, ಎಂಬತ್ತರದ್ದು. ಯಾರೋ ಒಬ್ಬ ಹಿಂದಿನಿಂದ ಸಿನೆಮಾ ಹಾಡು ಹೇಳಿ ಅಂತ ಬೊಬ್ಬೆ ಹೊಡೆದ. ರವೂಫ್ ಮೈಕಿನಲ್ಲೇ ಹೇಳಿದ, ಸಿನೆಮಾ ಬೇಕಾದ್ರೆ ಟಾಕೀಸಿಗೆ ಹೋಗು, ಇಲ್ಲಿ ಹಳೇ ಮಾಲು ಮಾತ್ರ ಅಂತ...

ಹಾಡಿದ್ದಾ? ರವೂಫೇ. ಸುಳ್ಳು ಹೇಳುದಿಲ್ಲ, ನಿಮ್ಮ ಸ್ವರ ಅವನಿಗೆಲ್ಲಿ? ಎಣ್ಣೆ ಕಾಣದ ಬಾಗಿಲಿನ ಹಾಗೆ. ಆದ್ರೂ ಜನ ಕೂತ್ಕೊಳ್ಳಲಿಲ್ಲ. ಐವತ್ತು, ಅರವತ್ತು ವರ್ಷದವರು ಶೆಟ್ರೇ, ಮುಂಡು ಎತ್ತಿ ಕಟ್ಟಿ ಕುಣಿದದ್ದು!... ನಾನಾ? ನಾನು ಕುಣೀಲಿಲ್ಲ. ಸ್ವಲ್ಪ ಕಾಲು ಆಡಿಸಿದೆ, ಅಷ್ಟೇ... ಆಯ್ತು ಮಾರಾಯ್ರೇ, ಕುಣಿದೆ...

ಕೊನೆಗೆ ನಿಮ್ಮ ಬಸ್ಸಿನ ಹಾಡು. ಆ ತುಳು ಹಾಡು, ಕೊನೇ ಬಸ್ಸಿಗೆ ಹುಡುಗಿ ಬರ್ತಾಳೆ ಅಂತ ಹುಡುಗ ಕಾಯುದು... ಇರಿ, ಹೇಳ್ತೇನೆ. ಎರಡು ಚರಣ ಆಯ್ತು. ಮೂರನೇದು ಶುರುವಾಗ್ಬೇಕು. ಗಿಟಾರು ನಿಂತಿತು, ಡ್ರಮ್ಮು ನಿಂತಿತು. ಕರೆಂಟು ಹೋಯ್ತಾ ಅಂತ ನಾನು ನೋಡುದು. ಅಷ್ಟರಲ್ಲಿ ಇಡೀ ಮೈದಾನ ಒಟ್ಟಿಗೆ ಕೂಗಿತು, ‘ರೈಟ್ ಪೋಯಿ!’...

ಹೌದು! ನನ್ನ ರೈಟ್ ಪೋಯಿ! ಬಸ್ಸು ಬಿಡ್ಲಿಕ್ಕೆ ನಾನು ಡ್ರೈವರನಿಗೆ ಕೂಗ್ತಿದ್ದದ್ದು! ಅದು ಹಾಡಿನದ್ದೇ ಕೊನೇ ಸಾಲು ಅಂತ ಜನ ತಿಳ್ಕೊಂಡಿದ್ದಾರೆ. ಆ ಕಾಲದಲ್ಲಿ ಯಾರೋ ಟೇಪ್ ರೆಕಾರ್ಡರ್ ಹಿಡ್ಕೊಂಡು ಕ್ಯಾಸೆಟ್ಟು ಮಾಡಿದ್ರಲ್ಲ? ಅದರಲ್ಲಿ ಎರಡು ಚರಣ ನಿಮ್ಮದು. ಆಮೇಲೆ ನನ್ನ ವಿಸಿಲು, ರೈಟ್ ಪೋಯಿ, ಬಸ್ಸು ಹೋದ ಶಬ್ದ, ಮುಗೀತು. ಆ ಕ್ಯಾಸೆಟ್ಟು ದುಬೈ, ದಮ್ಮಾಮ್ ಎಲ್ಲ ಸುತ್ತಿದೆಯಂತೆ. ಶುಕ್ರವಾರ ರೂಮಿನಲ್ಲಿ ಹಾಕಿ ಎಲ್ಲರೂ ಸೇರಿ ಕೂಗುದಂತೆ...

ನನಗೆ ಮೊದಲು ಖುಷಿಯೇ ಆದದ್ದು, ಸುಳ್ಳು ಎಂತಕ್ಕೆ? ಅಭ್ಯಾಸ ಬಿಡ್ತದಾ, ಎದ್ದು ನಿಂತು ಕೈ ಮೇಲೆತ್ತಿದೆ, ಬೆಲ್ಲಿನ ಹಗ್ಗ ಎಳೀಲಿಕ್ಕೆ. ಹಗ್ಗ ಎಲ್ಲುಂಟು? ಪಕ್ಕದವರ ಟೊಪ್ಪಿ ಕೈಗೆ ಬಂತು...

ಆಮೇಲೆ ನಾಚಿಕೆ ಆಯ್ತು ಶೆಟ್ರೇ. ಸ್ಟೇಜಿನ ಹಿಂದೆ ಹೋಗಿ ಕೇಳಿದೆ, ಮೂರನೇ ಚರಣ ಎಂತಕ್ಕೆ ಹಾಡ್ಲಿಲ್ಲ ಅಂತ. ಗೊತ್ತಿದ್ರೆ ಅಲ್ವಾ ಅಂದ ರವೂಫ್. ವಿಟ್ಲಕ್ಕೆ ಬೇರೆ ಬಸ್ಸಿಲ್ಲ ಹಸನಬ್ಬ, ನಿಮ್ಮ ವಿಸಿಲು ಕೇಳಿದ ಕೂಡಲೇ ನಾನೂ ಭೋಜನೂ ಸ್ಟೇಜಿನಿಂದ ಹಾರುದು, ಡ್ರಮ್ಮು ಬಸ್ಸಿನ ಟಾಪಿಗೆ ಹಾಕುದು, ಓಡಿ ಹತ್ತುದು. ಒಂದು ದಿನವೂ ನಾವು ಆ ಚರಣ ಕೇಳಿದವರಲ್ಲ ಅಂದ. ಪ್ರಾಕ್ಟೀಸಿನಲ್ಲೂ ನೀವು ಹಾಡ್ತಿರ್ಲಿಲ್ಲವಂತೆ? ಸ್ಟೇಜಿನಲ್ಲೇ ಕೇಳಿ ಅಂತ ಗುಟ್ಟು ಮಾಡ್ತಿದ್ರಂತೆ?... ಅಲ್ವಾ? ಅಂದ್ರೆ ಆ ಹಾಡಿನ ಕೊನೆ ಗೊತ್ತಿರುದು ಲೋಕದಲ್ಲಿ ನಿಮಗೊಬ್ಬರಿಗೇ...

ಹಾಂ?... ಒಂದು ಸಲ ಪೂರ್ತಿ ಹಾಡಿದ್ರಾ?... ಯಾವಾಗ?... ಎಂಬತ್ತೊಂದರಲ್ಲಿ. ಖಾಲಿ ಕುರ್ಚಿಗಳಿಗೆ... ಅದೇ ವಾರ ಬೊಂಬಾಯಿಗೆ ಹೋದದ್ದಾ? ನನಗೆ ಗೊತ್ತಿರ್ಲಿಲ್ಲ... ಅಲ್ಲ. ಗೊತ್ತಿತ್ತು. ಅವತ್ತು ಬಸ್ಸಿನ ಹಿಂದಿನ ಗ್ಲಾಸಿನಲ್ಲಿ ನೋಡಿದ್ದೆ. ಪಬ್ಲಿಕ್ಕು ಅರ್ಧ ನನ್ನ ಬಸ್ಸಿನಲ್ಲೇ ಇತ್ತು, ಇನ್ನರ್ಧ ಎದ್ದು ಮನೆಗೆ ಹೋಗಿ ಆಗಿತ್ತು. ನೀವು ಒಬ್ಬರೇ ಮೈಕಿನ ಎದುರು ನಿಂತಿದ್ರಿ. ಬಾಯಿ ಆಡುದು ಕಾಣ್ತಿತ್ತು, ಎಂತ ಹಾಡುದು ಅಂತ ಕೇಳ್ತಿರ್ಲಿಲ್ಲ...

ಟೈಮಿಂಗು ಶೆಟ್ರೇ! ಪ್ರೈವೇಟು ಬಸ್ಸು. ಒಂದು ನಿಮಿಷ ಲೇಟಾದ್ರೆ ಹಿಂದಿನ ಬಸ್ಸಿನವ ಬಂದು ಕಾಲರು ಹಿಡೀತಾನೆ. ಇಪ್ಪತ್ತೆಂಟು ವರ್ಷ ನಾನು ಒಂದು ನಿಮಿಷ... ಎಂತದು?... ಹೌದು, ಕೊನೇ ಬಸ್ಸು... ಹೌದು. ಕೊನೇ ಬಸ್ಸಿನ ಹಿಂದೆ ಬೇರೆ ಬಸ್ಸಿರ್ಲಿಲ್ಲ...

ಇರ್ಲಿಲ್ಲ ಮಾರಾಯ್ರೇ. ಅದನ್ನೇ ನಾನು ಮೊನ್ನೆಯಿಂದ ಯೋಚನೆ ಮಾಡುದು. ಯಾರಿಗೆ ಹೆದರಿ ನಾನು ವಿಸಿಲು ಊದಿದ್ದು? ಎರಡು ನಿಮಿಷ ನಿಂತಿದ್ರೆ ವಿಟ್ಲ ಎಲ್ಲಿಗೂ ಓಡಿ ಹೋಗ್ತಿರ್ಲಿಲ್ಲ. ತಪ್ಪಾಯ್ತು ಶೆಟ್ರೇ. ಅದು ಹೇಳ್ಲಿಕ್ಕೇ ಫೋನು ಮಾಡಿದ್ದು...

ಸಣ್ಣ ವಿಷಯ ಅಲ್ಲ, ನೀವು ಹಾಗೆ ಹೇಳ್ಬೇಡಿ. ಸಣ್ಣದಾಗಿದ್ರೆ ನೀವು ಬ್ಯಾಂಡು ಬಿಡ್ತಿರ್ಲಿಲ್ಲ. ಮಗಳಿಗೂ ಹೇಳದೆ ಇರ್ತಿರ್ಲಿಲ್ಲ...

ಇನ್ನೊಂದು ಮಾತು. ಬರುವ ಆದಿತ್ಯವಾರ ಬೆಳ್ತಂಗಡಿಯಲ್ಲಿ ಪ್ರೋಗ್ರಾಂ ಉಂಟು. ಅದೇ ಕೊನೇದು. ಅದಾಗಿ ಮಂಗಳವಾರ ರವೂಫ್ ದಮ್ಮಾಮಿಗೆ ವಾಪಸ್. ಭೋಜನ ಭುಜ ನೋಡಿದ್ರೆ ಇನ್ನೊಂದು ಸಲ ಆಗುವ ಅಂದಾಜಿಲ್ಲ. ನೀವು ಬನ್ನಿ. ಬಂದು ಆ ಹಾಡು ಮುಗಿಸಿ ಹೋಗಿ...

ಯಾರೂ ಕರೀಲಿಲ್ಲ ಅಂತಾ? ಅವರಿಗೆ ನಿಮ್ಮ ಹೆದರಿಕೆ ಮಾರಾಯ್ರೇ. ಹೋದ ವಾರ ಮೂರು ಸಲ ರಿಂಗಾಗಿ ಕಟ್ಟಾಗ್ಲಿಲ್ವಾ?... ಆಯ್ತಲ್ಲ? ಅದು ಭೋಜ! ನಿಮ್ಮ ಸ್ವರ ಕೇಳಿದ ಕೂಡಲೇ ಇಟ್ಟುಬಿಡುದು...

ಕೂದಲು ಇಲ್ವಾ? ಪೂರ್ತಿ ಹೋಯ್ತಾ?... ಹೋಗ್ಲಿ ಬಿಡಿ, ಕೂದಲು ಹಾಡ್ತದಾ?... ಸ್ವರ ಉಂಟಾ ಇಲ್ವಾ ಅಂತ ನೀವು ಹೇಳುದಲ್ಲ, ಕೇಳುವವರು ಹೇಳ್ಬೇಕು. ಈಗಲೇ ಹಾಡಿ. ಫೋನಿನಲ್ಲೇ. ಆ ಮೂರನೇ ಚರಣ... ಗಿರಾಕಿಗಳು ಇದ್ರೆ ಇರ್ಲಿ. ಇಡ್ಲಿ ತಿನ್ನುವವನಿಗೆ ಕಿವಿ ಇಲ್ವಾ?...

ಒಂದು ನಿಮಿಷ ಶೆಟ್ರೇ... ಎಂತ ಅಶ್ರಫ್?... ಹಾಂ, ನೋಡಿದೆ, ನೋಡಿದೆ... ಏನಿಲ್ಲ, ಈ ಫೋನು ಬೂತಿನ ಅಶ್ರಫ್. ನನ್ನ ಬಸ್ಸು ಬಂತು ಅಂತ ಹೇಳುದು. ಆರೂವರೆಯದ್ದು. ನಮ್ಮ ಮನೆ ಕಡೆಗೆ ಇನ್ನು ಬಸ್ಸಿಲ್ಲ... ಹೌದು ಶೆಟ್ರೇ, ಕೊನೇ ಬಸ್ಸೇ. ನಗ್ಬೇಡಿ... ಹಾರ್ನು ಕೇಳ್ತದಾ? ಹೊಡೀಲಿ. ಅಶ್ರಫ್, ಹೋಗ್ಲಿಕ್ಕೆ ಹೇಳು ಅವನಿಗೆ! ನಾನು ನಡ್ಕೊಂಡು ಹೋಗ್ತೇನೆ. ಮೊನ್ನೆ ಕುಣಿದ ಕಾಲು, ನಡೀಲಿಕ್ಕೆ ಆಗುದಿಲ್ವಾ?...

ಹೋಯ್ತು. ಕೇಳಿತಾ ನಿಮಗೆ? ಅವನೂ ರೈಟ್ ಪೋಯಿ ಅಂದ. ಇನ್ನು ವಿಸಿಲು ಊದುವವ ಯಾರೂ ಇಲ್ಲ. ಹಾಡಿ...

...

ಹಾಂ... ಹಾಂ... ಯಾ ಅಲ್ಲಾ, ಅದೇ ಸ್ವರ!... ಇಲ್ಲ, ಇಲ್ಲ, ನಿಲ್ಲಿಸ್ಬೇಡಿ, ನಾನು ಬಾಯಿ ಮುಚ್ಚಿದೆ...

ಎಂತ? ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ... ‘ಕಂಡಕ್ಟರಣ್ಣಾ, ಒಂಜಿ ನಿಮಿಷ ಉಂತುಲೆ’... ಒಂದು ನಿಮಿಷ ನಿಲ್ಲಿ ಅಂತ... ಶೆಟ್ರೇ, ಆ ಕಂಡಕ್ಟರಣ್ಣ ನಾನಾ?... ನನಗೇ ಬರೆದದ್ದಾ?... ಪ್ರತಿ ಸಲ ನೀವು ಅದು ಹೇಳ್ಲಿಕ್ಕೆ ಬಾಯಿ ತೆರೆಯುದು, ನಾನು ವಿಸಿಲು ಊದುದು...

ಅಳುದಿಲ್ಲ. ಈ ಬೂತಿನಲ್ಲಿ ಸೆಕೆ... ಅಳ್ತಾ ಇದ್ದೇನೆ ಮಾರಾಯ್ರೇ, ನೀವು ಹಾಡಿ...

ಹಾಂ... ಹುಡುಗಿ ಗುಡ್ಡೆ ಇಳಿದು ಓಡಿ ಬರ್ತಾಳೆ... ಚಪ್ಪಲಿ ಕೈಯಲ್ಲಿ... ಬಂದಳು, ಕೈ ತೋರಿಸಿದಳು... ಮತ್ತೆ? ಕಂಡಕ್ಟರ್ ನಿಲ್ಲಿಸಿದನಾ? ಬಸ್ಸು ಸಿಕ್ಕಿತಾ ಅವಳಿಗೆ?... ಎಂತಕ್ಕೆ ನಿಲ್ಲಿಸಿದ್ದು? ಅದೆಂತ ಶಬ್ದ?... ಗಿರಾಕಿಗಳು ಚಪ್ಪಾಳೆಯಾ? ತೃಷಾ ವಿಸಿಲು ಹಾಕುದಾ? ಆ ಹುಡುಗಿಗೆ ಹೇಳಿ, ವಿಸಿಲು ಮಾತ್ರ ಬೇಡ ಅಂತ! ಇನ್ನೊಂದು ಸಾಲು ಬಾಕಿ ಉಂಟಲ್ವಾ?...

ಎಂತದು?... ಆದಿತ್ಯವಾರವಾ? ಬೆಳ್ತಂಗಡಿಯಲ್ಲಿ, ಸ್ಟೇಜಿನಲ್ಲಾ?... ನಿಜ? ಮಗಳೂ ಬರ್ತಾಳಾ?... ಬನ್ನಿ, ಬನ್ನಿ! ನಾನೇ ಭೋಜನಿಗೆ ಹೇಳ್ತೇನೆ, ಅವನು ಇವತ್ತು ನಿದ್ದೆ ಮಾಡಿದ ಹಾಗೆಯೇ. ಆದ್ರೆ ಆ ಒಂದು ಸಾಲು ಈಗಲೇ ಹೇಳಿಬಿಡಿ ಶೆಟ್ರೇ. ಇನ್ನೂ ಆರು ದಿನ ನಾನು ಹೇಗೆ ಕಾಯುದು?... ಪೂರ್ತಿ ಬೇಡ. ನಿಲ್ಲಿಸಿದನಾ ಇಲ್ವಾ, ಅಷ್ಟು ಮಾತ್ರ...

ಹಾಂ?... ಎಂತ ಹೇಳಿದ್ರಿ?... ಯೇ, ಅದು ನನ್ನ ಮಾತು ಮಾರಾಯ್ರೇ! ನನಗೇ ರೈಟ್ ಪೋಯಿಯಾ? ಇಡ್ಬೇಡಿ ಶೆಟ್ರೇ, ಇಡ್ಬೇಡಿ, ಒಂಜಿ ನಿಮಿಷ ಉಂತುಲೆ... ಹಲೋ?... ಹಲೋ...