ತಿಪ್ಪಣ್ಣನಿಗೆ ಇನ್ನೆಷ್ಟು ವರ್ಷ?

ಈ ಸಂಜೆಯ ಮಟ್ಟಿಗೆ, ಈ ಸಂಜೆಯ ಮಟ್ಟಿಗೆ ಮಾತ್ರ, ನನ್ನ ಕುರ್ಚಿಯಲ್ಲಿ ಕುಳಿತಿರುವ ಉಪಾಧ್ಯಕ್ಷ ದಿಗಂಬರರಾಯರೇ, ಬೆಳಗಾವಿಯ ದಂಡಿನ ಕ್ಯಾಂಪಿನಿಂದ ಬಂದ ವಿಮಾ ಏಜೆಂಟ್ ಮಧುಕರರೇ, ನನ್ನ ಉಸಿರಾಟವನ್ನೇ ಗಮನಿಸುತ್ತಿರುವ ಸಭಿಕರೇ,

ಎಪ್ಪತ್ತಾರು ತುಂಬಿತೆಂದು ಗಂಧದ ಹಾರ, ಶಾಲು, ಕೈಗೋಲು ಕೊಟ್ಟಿದ್ದೀರಿ. ಸಂತೋಷ. ಎಪ್ಪತ್ತೈದಕ್ಕೆ ಕೊಡದವರು ಈಗೇಕೆ ಕೊಟ್ಟಿರಿ? ಮಾನಪತ್ರದ ಕೊನೆಗೆ "ಇನ್ನು ವಿಶ್ರಾಂತಿ ಪಡೆಯಲಿ" ಎಂದಿದೆ. ಕುರ್ಚಿ ಬಿಟ್ಟೇ ಪಡೆಯಬೇಕೋ? ನನಗೇಕೋ ಸಂಶಯ.

ನನಗೆ ಅರವತ್ತಾದಾಗ ನಮ್ಮ ಖಾನಾಪುರ ವಾಚನಾಲಯದ ಅಧ್ಯಕ್ಷಗಿರಿಗೆ ಎರಡು ಪಂಗಡಗಳು ಬಡಿದಾಡುತ್ತಿದ್ದವು. ನನಗೋ ಎದೆನೋವು. "ಮುದುಕನ್ನ ಕುಂದರಸ್ರಿ, ಆಜೀವ ಅಧ್ಯಕ್ಷ ಅಂತ ಬರೀರಿ. ಎಷ್ಟ ದಿನಾ ಇದ್ದಾನು?" ಎಂದವರು ಯಾರು? ಹೆಸರು ಹೇಳುವುದಿಲ್ಲ. ಉಪಾಧ್ಯಕ್ಷರು ಯಾಕೋ ಬೆವರೊರೆಸಿಕೊಳ್ಳುತ್ತಿದ್ದಾರೆ.

ಹಾಗೆಂದವರೇ ಆಗ ಮಧುಕರರ ವಿಮಾ ಕಂಪನಿಯ ಆಯುಷ್ಯದ ಕೋಷ್ಟಕ ನೋಡಿದ್ದರು. ಪ್ಲೇಗು, ಕಾಲರಾಗಳ ಈ ನಮ್ಮ ಕಾಲದಲ್ಲಿ ಹುಟ್ಟಿದ ಕೂಸಿಗೆ ಸರಾಸರಿ ಇಪ್ಪತ್ತು ಚಿಲ್ಲರೆ ವರ್ಷ. ಅರವತ್ತಾದವನಿಗೆ ಇನ್ನೂ ಒಂಬತ್ತು. ನನಗೆ ಎಪ್ಪತ್ತಾಯಿತು. ಮತ್ತೆ ಕೇಳಿದರು: ಇನ್ನೂ ಆರು. ಎಪ್ಪತ್ತಾರೂ ಆಯಿತು. ಮೊನ್ನೆ ಮತ್ತೆ ಕೇಳಿದರು. ಪಕ್ಕದ ಖೋಲಿಯಲ್ಲಿ ಪತ್ರಿಕೆ ಓದುತ್ತಿದ್ದ ನನಗೆ ಎಲ್ಲ ಕೇಳಿಸಿತು.

"ಇನ್ನೂ ನಾಕ ಅದರೀ, ರಾಯರ."

"ಇದೆಂಥಾ ಲೆಕ್ಕಾರೀ ನಿಮ್ದು! ಮುದುಕ ನಡದಂಗ ಊರೂ ಮುಂದಕ್ಕ ಸರೀಲಿಕ್ಕತ್ತದಲ್ರೀ!"

ಖರೇ ಮಾತು, ರಾಯರೇ. ಆದರೆ ಆ ಇಪ್ಪತ್ತು ಚಿಲ್ಲರೆಗೆ ನಗಬೇಡಿ. ತೊಟ್ಟಿಲಲ್ಲೇ ಹೋದವರು ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ. ನಾನು ಹುಟ್ಟಿದೂರು ಕಣಕುಂಬಿಯಲ್ಲಿ ನನಗಿಂತ ಮೊದಲು ನಾಲ್ಕು ಕೂಸು ಹಾಗೆ ಹೋದವು. ಐದನೆಯವನಾದ ನನ್ನನ್ನು ಅವ್ವ ತಿಪ್ಪೆಯ ಮೇಲೆ ಹಾಕಿದಳು. ನೆರೆಮನೆಯ ಸತ್ಯವ್ವ ಎತ್ತಿಕೊಂಡು, "ತಿಪ್ಪ್ಯಾಗ ಸಿಕ್ಕೈತಿ, ಬೇಕೇನ ಕಾಡವ್ವಾ?" ಎಂದಳಂತೆ. ಅವ್ವ ಬೊಗಸೆ ನುಚ್ಚು ಕೊಟ್ಟು ನನ್ನನ್ನು ಕೊಂಡು, ಯಮನಿಗೆ ಆಸೆ ಹುಟ್ಟಬಾರದೆಂದು ತಿಪ್ಪ ಎಂದೇ ಕರೆದಳು. ಯಾರಾದರೂ "ಹುಡುಗ ಚಂದ ಅದಾನ" ಎಂದರೆ, "ಯಾರ ಕೂಸೋ ಏನೋ" ಎನ್ನುತ್ತಿದ್ದಳು. ಸಾಯುವ ತನಕ ನನ್ನನ್ನು ಒಮ್ಮೆಯೂ ಹೊಗಳಲಿಲ್ಲ. ಒಮ್ಮೆಯೂ...

ಸ್ವಲ್ಪ ನೀರು ಕೊಡಿ.

ನೀವೋ? "ದೀರ್ಘಾಯುಷಿ ತಿಪ್ಪಣ್ಣನವರು, ವಯಸ್ಸು ಎಪ್ಪತ್ತಾರು, ಉತ್ತಮ ಆರೋಗ್ಯ" ಎಂದು ಅಚ್ಚು ಹಾಕಿಸಿ ರೈಲು ನಿಲ್ದಾಣದ ಗೋಡೆಗೂ ಅಂಟಿಸಿದ್ದೀರಿ! ಯಮನಿಗೆ ಓದಲು ಬರುತ್ತದೆಂದು ಮೊದಲು ಹೊಳೆದದ್ದು ಯಾರಿಗೆ?

ದಿಗಂಬರರಾಯರೇ, ಏಳಿ, ಕುರ್ಚಿ ಬಿಡಿ. ಕುತ್ತಿಗೆ ಚಾಚಿ, ಈ ಹಾರ ನಿಮಗೆ. ನಿಮಗೀಗ ಅರವತ್ತು, ಇನ್ನೂ ಬಹಳ ನಡೆಯಬೇಕು. ಕೈಗೋಲೂ ಇರಲಿ. ಶಾಲು ನನಗಿರಲಿ, ಮಳೆಗಾಲದಲ್ಲಿ ಈ ಕುರ್ಚಿ ಬಲು ತಣ್ಣಗಿರುತ್ತದೆ.

ಸಭಿಕರೇ, ಉಪಕಾರವಾಯಿತು. ಹೋಗುವಾಗ ಅಂಟಿಸಿದ್ದನ್ನು ಕಿತ್ತುಹಾಕಿ. ಯಾರಾದರೂ ಅಪರಿಚಿತರು ಬಂದು ನನ್ನ ಬಗ್ಗೆ ಕೇಳಿದರೆ ಗಟ್ಟಿಯಾಗಿ ಹೇಳಿ: ಯಾರ ಕೂಸೋ ಏನೋ.

ನಮಸ್ಕಾರ.