ಕ್ರೇನ್ ಸರೋವರದ ಕಂಬದಿಂದ ಫಲಕ ಕಾಣೆಯಾದ ಬಗ್ಗೆ

ಹೆಸರು: ಡೊರೀನ್ ಹಾಲ್ವರ್ಸನ್, ಗಂಡ ದಿವಂಗತ ಡ್ವೇನ್ ಹಾಲ್ವರ್ಸನ್. ವಯಸ್ಸು: 66 ವರ್ಷ. ಕಸುಬು: ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಈಗ ನಿವೃತ್ತಿ. ವಾಸ: 418, ಬರ್ಚ್ ರಸ್ತೆ, ನ್ಯೂ ಎಡ್ನಾ, ಟ್ಯಾಮರಾಕ್ ಕೌಂಟಿ, ವಿಸ್ಕಾನ್ಸಿನ್.

ಇಂದು ಮಂಗಳವಾರ ಮಧ್ಯಾಹ್ನ 1 ಗಂಟೆ 10 ನಿಮಿಷಕ್ಕೆ, ಯಾರ ಬಲವಂತವೂ ಇಲ್ಲದೆ, ನಾನಾಗಿಯೇ ಕೇಳಿಕೊಂಡು ಷೆರಿಫ್ ಠಾಣೆಯ ಡೆಪ್ಯುಟಿ ಮಾರ್ಲಾ ಕೋಸ್ಟೆಲ್ಲೊ ಅವರ ಮುಂದೆ ಬರೆಸುತ್ತಿರುವುದೇನೆಂದರೆ: ಕಳೆದ ಶನಿವಾರ, ಅಕ್ಟೋಬರ್ 12ರಂದು, ಇದೇ ಡೆಪ್ಯುಟಿಯವರಿಗೆ ಕೊಟ್ಟ ದೂರಿನಲ್ಲಿ ಫಲಕ ಕಿತ್ತವರು ಯಾರೆಂದು ಗೊತ್ತಿಲ್ಲ, ನನಗೆ ಯಾರ ಮೇಲೂ ಅನುಮಾನವಿಲ್ಲ ಎಂದಿದ್ದೆ. ಅದು ಸುಳ್ಳು. ಕಂಬ ನೋಡಿದ ಅರ್ಧ ನಿಮಿಷದಲ್ಲೇ ನನಗೆ ಗೊತ್ತಾಗಿತ್ತು. ಸುಳ್ಳು ಯಾಕೆ ಹೇಳಿದೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ನಡುವೆ ಎದ್ದು ಓಡಾಡಿದರೆ ಬೇಸರ ಮಾಡಿಕೊಳ್ಳಬಾರದು. ಮೂರು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಆರ್ಲನ್ ಬೆಕ್ಮನ್, 70 ವರ್ಷ, ಟೆಲಿಫೋನ್ ತಂತಿ ಎಳೆಯುವ ಕೆಲಸದಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಇವರ ಪರಿಚಯ ನನಗೆ ಈ ಮಾರ್ಚ್‌ನಲ್ಲಿ ಚರ್ಚಿನ ಶುಕ್ರವಾರದ ಮೀನೂಟದ ಸಾಲಿನಲ್ಲಿ ಆಯಿತು. ನನ್ನ ಹಿಂದೆ ನಿಂತು, ಮೀನಿಗೆ ಹಚ್ಚಿದ ಹಿಟ್ಟಿನಲ್ಲಿ ಉಪ್ಪು ಕಡಿಮೆ ಎಂದು ನಾನು ಗೊಣಗುತ್ತಿದ್ದುದಕ್ಕೆ ನಕ್ಕರು. ಮೇ 4ರ ಶನಿವಾರದಿಂದ ನಾವಿಬ್ಬರೂ ಕೌಂಟಿಯ ಪಾರ್ಕುಗಳ ಪುಸ್ತಿಕೆ ತುಂಬಿಸಲು ಶುರು ಮಾಡಿದೆವು. ಕೌಂಟಿಯಲ್ಲಿ ಇಪ್ಪತ್ತೆರಡು ಪಾರ್ಕು. ಪ್ರತಿಯೊಂದರಲ್ಲೂ ಒಂದು ಮರದ ಕಂಬ, ಕಂಬದ ಮೇಲೆ ಉಬ್ಬುಚಿತ್ರದ ಹಿತ್ತಾಳೆ ಫಲಕ. ಪುಸ್ತಿಕೆಯ ಹಾಳೆಯನ್ನು ಅದರ ಮೇಲಿಟ್ಟು ಕ್ರೇಯಾನ್ ಉಜ್ಜಿದರೆ ಚಿತ್ರ ಮೂಡುತ್ತದೆ. ಮೇ ಒಂದರಿಂದ ಅಕ್ಟೋಬರ್ ಮೂವತ್ತೊಂದರೊಳಗೆ ಇಪ್ಪತ್ತೆರಡೂ ಮುಗಿಯಬೇಕು. ಒಂದು ಬಾಕಿ ಉಳಿದರೂ ಮುಂದಿನ ವರ್ಷ ಹೊಸ ಪುಸ್ತಿಕೆ, ಮತ್ತೆ ಮೊದಲಿನಿಂದ.

ಮೇ 18ರಂದು ಮೂರನೆಯ ಪಾರ್ಕಾದ ಹಳೆಯ ಹಿಟ್ಟಿನ ಗಿರಣಿಯ ಬಳಿ, ಬೆಳಿಗ್ಗೆ 11ರ ಹೊತ್ತಿಗೆ, ಆರ್ಲನ್ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು. ನನ್ನ ಬಾಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇತ್ತು. ಎರಡನೆಯ ಸಲ ಕೇಳುವುದಿಲ್ಲ, ಅವಸರವೂ ಇಲ್ಲ, ಇಪ್ಪತ್ತೆರಡೂ ಪಾರ್ಕು ಮುಗಿದ ದಿನ ಹೇಳಿದರೆ ಸಾಕು ಎಂದರು. ಸರಿ ಎಂದೆ. ಆ ಮೇಲೆ ಅವರು ಆ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಅಲ್ಲೇ ಬೈದು ಮುಗಿಸಬಹುದಿತ್ತು.

ಜುಲೈ 20ರಂದು ಹನ್ನೊಂದನೆಯ ಪಾರ್ಕು, ಸುಣ್ಣದ ಭಟ್ಟಿಗಳದು. ಅಲ್ಲಿ ಆರ್ಲನ್ ಕೈಯಿಂದ ಕ್ರೇಯಾನ್ ನಾಲ್ಕು ಸಲ ಬಿತ್ತು. ಅವರ ಹಾಳೆಯ ಮೇಲೆ ಚಿತ್ರ ಮೂಡಲಿಲ್ಲ, ಕೋಳಿ ಕೆದರಿದ ಹಾಗೆ ಗೀರುಗಳಷ್ಟೇ. ನಾನು ಉಜ್ಜಿಕೊಡುತ್ತೇನೆ ಎಂದರೆ ಬೇಡ ಎಂದರು. ಕಾರಿಗೆ ಬಂದ ಮೇಲೆ, ಇದು ಪಾರ್ಕಿನ್ಸನ್ ಕಾಯಿಲೆ, ಡಾಕ್ಟರು ಜೂನ್‌ನಲ್ಲೇ ಹೇಳಿದ್ದಾರೆ, ಇದು ತಿಳಿದು ನೀನು ಇಲ್ಲ ಅಂದರೂ ನನಗೆ ಬೇಜಾರಿಲ್ಲ ಎಂದರು. ನಾನು ಹದಿನಾಲ್ಕು ಮೈಲಿ ಕಾರು ಓಡಿಸಿ ಅವರನ್ನು ಮನೆಗೆ ಬಿಟ್ಟೆ. ಅಂದಿನಿಂದ ಪ್ರತಿ ಶನಿವಾರ ನನ್ನ ಕಾರಿನಲ್ಲೇ ಹೋಗಿ ಬರುವುದಾಯಿತು.

ನನ್ನ ಗಂಡ ಡ್ವೇನ್‌ಗೆ ಲಕ್ವ ಹೊಡೆದು ಅವರು ಒಂಬತ್ತು ವರ್ಷ ಹಾಸಿಗೆಯಲ್ಲಿದ್ದರು. ಒಂಬತ್ತು ವರ್ಷ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದವಳು ನಾನು. ಅವರು ತೀರಿಕೊಂಡಾಗ ಅತ್ತುಬಿಟ್ಟೆ, ಆಮೇಲೆ ಎರಡು ದಿನ ನಿದ್ದೆ ಮಾಡಿದೆ. ಇನ್ನೊಬ್ಬರಿಗೆ ಚಮಚದಲ್ಲಿ ಉಣ್ಣಿಸುವ ಶಕ್ತಿ ನನ್ನಲ್ಲಿಲ್ಲ ಎಂದು ಈ ಜುಲೈನಲ್ಲೇ ತೀರ್ಮಾನ ಮಾಡಿದ್ದೆ. ಹಾಗಾದರೆ ಆ ದಿನವೇ ಯಾಕೆ ಹೇಳಲಿಲ್ಲ ಎಂದು ಡೆಪ್ಯುಟಿಯವರು ಕೇಳುತ್ತಾರೆ. ಇನ್ನೂ ಹನ್ನೊಂದು ಪಾರ್ಕು ಬಾಕಿ ಇದ್ದವು. ಅವು ನನಗೆ ಬೇಕಾಗಿದ್ದವು.

ಶುಕ್ರವಾರ, ಅಕ್ಟೋಬರ್ 11, ಸಂಜೆ 6 ಗಂಟೆಗೆ ಆರ್ಲನ್‌ಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ 9ಕ್ಕೆ ಕ್ರೇನ್ ಸರೋವರಕ್ಕೆ ನಿನ್ನ ಗಾಡಿಯಲ್ಲೇ ಬಾ ಎಂದೆ. ಅದು ಕೊನೆಯ ಪಾರ್ಕು. ಇಲ್ಲ ಎಂದು ಹೇಳಿದ ಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ವಾಪಸು ಬರುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಆಯ್ತು ಎಂದು ಫೋನ್ ಇಟ್ಟರು. ಆ ಮೇಲೆ ನಾನು ತಂಗಿ ಜಾನಿಸ್‌ಗೆ ಫೋನ್ ಮಾಡಿ, ನಾಳೆ ಹೇಳಬೇಕಾದ ಮಾತನ್ನು ಅವಳ ಮುಂದೆ ಮೂರು ಸಲ ಹೇಳಿ ನೋಡಿದೆ. ಮೂರನೆಯ ಸಲಕ್ಕೆ ಅವಳೇ ಅಳತೊಡಗಿದಳು.

ಶನಿವಾರ ಬೆಳಿಗ್ಗೆ 8 ಗಂಟೆ 55 ನಿಮಿಷಕ್ಕೆ ನಾನು ಕ್ರೇನ್ ಸರೋವರ ತಲುಪಿದೆ. ನನ್ನ ಮನೆಯಿಂದ 2.3 ಮೈಲಿ. ಹಿಂದಿನ ಕಾಲದ ನೃತ್ಯಮಂದಿರದಿಂದ ನೀರಿನ ಕಡೆಗೆ ನಲವತ್ತು ಅಡಿ ದೂರದಲ್ಲಿ ಕಂಬವಿದೆ. ಫಲಕ ಇರಲಿಲ್ಲ. ನಾಲ್ಕು ಸ್ಕ್ರೂ ತೂತುಗಳಿದ್ದವು, ಒಂದೊಂದರ ಸುತ್ತ ಹತ್ತಿಪ್ಪತ್ತು ಗೀರು, ಎಲ್ಲವೂ ಸ್ಕ್ರೂಡ್ರೈವರ್ ಜಾರಿ ಜಾರಿ ಆದವು. ಹಿತ್ತಾಳೆ ಮಾರಿಕೊಳ್ಳುವ ಕಳ್ಳರಾದರೆ ಸಲಾಕೆ ಹಾಕಿ ಮೀಟಿ ಎತ್ತಿಕೊಂಡು ಹೋಗುತ್ತಾರೆ, ಹೀಗೆ ಕೂತು ಒದ್ದಾಡುವುದಿಲ್ಲ. ಆ ಗೀರುಗಳನ್ನು ನಾನು ಜುಲೈನಿಂದ ವಾರ ವಾರವೂ ಹಾಳೆಯ ಮೇಲೆ ನೋಡಿದ್ದೇನೆ.

ಆಗ ನನಗೆ ಖುಷಿಯಾಯಿತು. ಇದನ್ನು ಬರೆದುಕೊಳ್ಳಿ ಎಂದು ಡೆಪ್ಯುಟಿಯವರಿಗೆ ಎರಡು ಸಲ ಹೇಳಿದ್ದೇನೆ. ಫಲಕವಿಲ್ಲ, ಪುಸ್ತಿಕೆ ಮುಗಿಯುವುದಿಲ್ಲ, ನಾನು ಏನೂ ಹೇಳಬೇಕಾಗಿಲ್ಲ ಎಂದು ಎದೆ ಹಗುರವಾಯಿತು. ಮರುಕ್ಷಣವೇ ನಾಚಿಕೆ, ನಾಚಿಕೆಯ ಹಿಂದೆಯೇ ಸಿಟ್ಟು.

9 ಗಂಟೆ 4 ನಿಮಿಷಕ್ಕೆ ಆರ್ಲನ್ ತಮ್ಮ ಹಸಿರು ಟ್ರಕ್ಕಿನಲ್ಲಿ ಬಂದರು. ಎಂದೂ ತಡವಾಗಿ ಬಂದವರಲ್ಲ. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು, ಬೀನ್ಸ್ ಡಬ್ಬಿ ತೆಗೆಯುವಾಗ ತಗುಲಿತು ಎಂದರು. ಕಂಬದ ಕಡೆ ನೋಡುವುದಕ್ಕೂ ಮೊದಲೇ, ಅಯ್ಯೋ ಯಾರೋ ಕಿತ್ತುಕೊಂಡು ಹೋಗಿದ್ದಾರಲ್ಲ ಎಂದರು. ಎಪ್ಪತ್ತು ವರ್ಷದ ಮನುಷ್ಯನಿಗೆ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರುವುದಿಲ್ಲ. ಪೊಲೀಸರಿಗೆ ಹೇಳೋಣವೇ ಎಂದು ಬೇಕೆಂದೇ ಕೇಳಿದೆ. ಇಷ್ಟಕ್ಕೆಲ್ಲ ಅವರಿಗೆ ಯಾಕೆ ತೊಂದರೆ ಎಂದರು, ಮುಖ ಬಿಳಿಚಿಕೊಂಡಿತ್ತು. ಅವರೇ ಒಪ್ಪಿಕೊಳ್ಳಲಿ ಎಂದು ಹದಿನೈದು ನಿಮಿಷ ಕಾದೆ. ಸರೋವರದಲ್ಲಿ ಬಾತುಗಳು ಎಷ್ಟಿವೆ ಎಂದು ಎಣಿಸಿ ಹೇಳಿದರೇ ಹೊರತು ಬೇರೇನೂ ಹೇಳಲಿಲ್ಲ. 9 ಗಂಟೆ 20 ನಿಮಿಷಕ್ಕೆ ಹಟಕ್ಕೆ ಬಿದ್ದು ಠಾಣೆಗೆ ಫೋನ್ ಮಾಡಿದೆ. 9 ಗಂಟೆ 47 ನಿಮಿಷಕ್ಕೆ ಡೆಪ್ಯುಟಿ ಕೋಸ್ಟೆಲ್ಲೊ ಬಂದು ಅನುಮಾನ ಯಾರ ಮೇಲೆ ಎಂದು ಕೇಳಿದಾಗ ಮಾತ್ರ, ಆರ್ಲನ್ ಎದುರಿಗೇ, ಯಾರ ಮೇಲೂ ಇಲ್ಲ ಎಂದುಬಿಟ್ಟೆ.

ಅಂದು ಮಧ್ಯಾಹ್ನ ಮನೆಯ ಓವನ್ ತೊಳೆದೆ. ಇನ್ನೂ ಪೂರ್ತಿ ಉದುರದ ಎಲೆಗಳನ್ನು ಗುಡಿಸಿದೆ. ಭಾನುವಾರ ಪ್ರಾರ್ಥನೆಯ ನಡುವೆ ಎದ್ದು ಬಂದು ಕಾರು ಹತ್ತಿದೆ. ಗಿರಣಿ, ಸುಣ್ಣದ ಭಟ್ಟಿ, ಆರ್ಲನ್ ಕಾಲುಚೀಲ ಹಾಕಿಕೊಂಡೇ ನೀರಿಗಿಳಿದ ಲೂನ್ ಸರೋವರದ ದಡ, ಹಿಮಜಾರಾಟದ ಗುಡ್ಡ, ಹೀಗೆ ಏಳು ಪಾರ್ಕು, 61 ಮೈಲಿ. ಎಲ್ಲ ಕಡೆಯೂ ಫಲಕ ತನ್ನ ಜಾಗದಲ್ಲೇ ಇತ್ತು. ಏನು ನೋಡಲು ಹೋಗಿದ್ದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಲ್ಲೂ ಐದು ನಿಮಿಷ ನಿಲ್ಲಲಾಗಲಿಲ್ಲ. ಸೋಮವಾರ ಎರಡು ಸಲ ಆರ್ಲನ್‌ಗೆ ಫೋನ್ ಮಾಡಲು ಹೋಗಿ ಕೆಳಗಿಟ್ಟೆ.

ಇಂದು ಬೆಳಿಗ್ಗೆ 11 ಗಂಟೆ 30 ನಿಮಿಷಕ್ಕೆ ಡೆಪ್ಯುಟಿಯವರು ಫೋನ್ ಮಾಡಿ, ಆರ್ಲನ್ ಬೆಕ್ಮನ್ ತಾವಾಗಿಯೇ ಬಂದು, ದಿಂಬಿನ ಚೀಲದಲ್ಲಿ ಸುತ್ತಿದ ಫಲಕವನ್ನು ಮೇಜಿನ ಮೇಲಿಟ್ಟು ತಪ್ಪೊಪ್ಪಿಕೊಂಡಿದ್ದಾರೆ ಎಂದರು. ಪಾರ್ಕಿನ ಗೇಟಿನ ಕ್ಯಾಮೆರಾದಲ್ಲಿ ಅವರ ಟ್ರಕ್ಕು ಶನಿವಾರ 6 ಗಂಟೆ 40 ನಿಮಿಷಕ್ಕೆ ಒಳಗೆ ಹೋಗಿ 8 ಗಂಟೆ 20 ನಿಮಿಷಕ್ಕೆ ಹೊರಗೆ ಬಂದಿದೆಯಂತೆ. ನಾಲ್ಕು ಸ್ಕ್ರೂ ಬಿಚ್ಚಲು ಐದು ನಿಮಿಷ ಸಾಕು, ಇಷ್ಟು ಹೊತ್ತು ಅಲ್ಲಿ ಇನ್ನೇನು ಮಾಡುತ್ತಿದ್ದರು ಎಂದು ನನ್ನನ್ನು ಕೇಳಿದರು. ಬೇರೇನೂ ಮಾಡುತ್ತಿರಲಿಲ್ಲ, ಅದನ್ನೇ ಮಾಡುತ್ತಿದ್ದರು ಎಂದೆ. ಒಂದು ಗಂಟೆ ನಲವತ್ತು ನಿಮಿಷ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಡ್ವೇನ್ ನನಗಾಗಿ ಕಾರಿನಲ್ಲಿ ಹತ್ತು ನಿಮಿಷ ಹಾರ್ನ್ ಹೊಡೆಯದೆ ಕಾದವರಲ್ಲ.

11 ಗಂಟೆ 50 ನಿಮಿಷಕ್ಕೆ ಠಾಣೆಗೆ ಬಂದೆ. ಆರ್ಲನ್ ಬೆಂಚಿನ ಮೇಲೆ ಕೂತಿದ್ದರು, ಟೋಪಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈ ಅದರಡಿ ಅಡಗಿಸಿದ್ದರು. ಪಕ್ಕದಲ್ಲಿ ಕೂತೆ. ಆದ ಮಾತು ಇಷ್ಟು, ಡೆಪ್ಯುಟಿಯವರೂ ಕೇಳಿದ್ದಾರೆ.

"ಶನಿವಾರ ನೀನು ಇಲ್ಲ ಅನ್ನೋಕೇ ಬಂದಿದ್ದೆ ಅಲ್ವಾ?" ಎಂದರು ಆರ್ಲನ್.

"ಹೌದು."

"ನಿನ್ನ ಗಾಡೀಲೇ ಬಾ ಅಂದಾಗಲೇ ಗೊತ್ತಾಯ್ತು ಕಣೆ. ಒಂದು ಪಾರ್ಕ್ ಬಾಕಿ ಉಳಿದ್ರೆ ಮುಂದಿನ ವರ್ಷ ಮತ್ತೆ ಮೊದಲಿಂದ ಸುತ್ತಬೇಕಲ್ಲ, ಅಂದ್ಕೊಂಡೆ."

"ಮುಂದಿನ ವರ್ಷ ನಿನ್ನ ಕೈ ಹೇಗಿರುತ್ತೋ ಏನೋ, ಬುದ್ಧಿ ಬೇಡ್ವಾ ನಿಂಗೆ?"

"ಅದಕ್ಕೇ ಈ ವರ್ಷಾನೇ ಬಿಚ್ಚಿದ್ದು. ಮುಂದಿನ ವರ್ಷ ಬಿಚ್ಚೋಕಾಗ್ತಿರ್ಲಿಲ್ಲ."

ನನಗೆ ನಗು ಬಂತು, ತಡೆಯಲಾಗಲಿಲ್ಲ. ಆಮೇಲೆ ಅತ್ತೆ. ಡೆಪ್ಯುಟಿಯವರು ನೀರು ತಂದುಕೊಟ್ಟರು. ಎದ್ದು ಬಂದು ಹೇಳಿಕೆ ತಿದ್ದಿಸಬೇಕು ಎಂದೆ.

ಫಲಕ ಕೌಂಟಿಯ ಆಸ್ತಿಯಾದ್ದರಿಂದ ದೂರು ಹಿಂದೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ, ಆರ್ಲನ್ ನವೆಂಬರ್ 14ರಂದು ನ್ಯಾಯಾಧೀಶರ ಮುಂದೆ ಹಾಜರಾಗಬೇಕು ಎಂದು ಡೆಪ್ಯುಟಿಯವರು ತಿಳಿಸಿದ್ದಾರೆ. ಒಪ್ಪಿದ್ದೇನೆ. ಡ್ವೇನ್ ಹಾಸಿಗೆ ಹಿಡಿದಾಗ ನೋಡಿಕೊಳ್ಳುತ್ತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ಅದು ನನ್ನ ಪಾಲಿಗೆ ಬಂತು, ಮಾಡಿದೆ. ಈ ಸಲ ಒಬ್ಬರು ಮೊದಲೇ ಕೇಳಿದ್ದಾರೆ, ಉತ್ತರಕ್ಕೆ ಐದು ತಿಂಗಳು ಕಾದಿದ್ದಾರೆ, ಇಲ್ಲ ಎಂದರೂ ಬೇಜಾರಿಲ್ಲ ಎಂದಿದ್ದಾರೆ. ನನಗೆ ಭಯ ಈಗಲೂ ಇದೆ. ಅದನ್ನೂ ಬರೆದುಕೊಳ್ಳಿ.

ಈ ಕೈಗಳಲ್ಲಿ ಆರ್ಲನ್ ಟ್ರಕ್ಕು ಓಡಿಸಿಕೊಂಡು ಹೋಗುವುದಕ್ಕೆ ಬಿಡಲಾಗದು, ಜವಾಬ್ದಾರಿ ಹೊತ್ತು ಕರೆದೊಯ್ಯುವವರು ಯಾರಾದರೂ ಇದ್ದಾರೆಯೇ ಎಂದು ಡೆಪ್ಯುಟಿಯವರು ಕೇಳಿದರು. ಇದ್ದಾರೆ ಎಂದೆ. ಹೆಸರು ಕೇಳಿದರು, ನನ್ನದು ಹೇಳಿದೆ. ಆರೋಪಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದರು. ಹೆಂಡತಿ ಎಂದು ಬರೆಯಿರಿ ಎಂದೆ. ಕಾಗದದಲ್ಲಿ ಇಲ್ಲದ್ದನ್ನು ಬರೆಯಲು ಬರುವುದಿಲ್ಲ ಎಂದರು. ನವೆಂಬರ್ 14ರೊಳಗೆ ಇರುತ್ತದೆ ಎಂದೆ. ಈ ವಿಷಯ ಆರೋಪಿಗೆ ಗೊತ್ತೇ ಎಂದು ಕೇಳಿದರು. ಇನ್ನೂ ಇಲ್ಲ, ಸಹಿ ಹಾಕಿದ ಕೂಡಲೇ ಹೋಗಿ ಹೇಳುತ್ತೇನೆ, ದಯವಿಟ್ಟು ಬೇಗ ಮುಗಿಸಿ ಎಂದೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಬರೆಸಿದ್ದೆಲ್ಲ ನಿಜ, ಒಂದು ಪದ ಬಿಟ್ಟು. ಆ ಪದ ನಿಜವಾಗಲು ಇನ್ನು ಕೆಲವು ದಿನ ಬೇಕು.

ಸ್ಥಳ: ಷೆರಿಫ್ ಠಾಣೆ, ನ್ಯೂ ಎಡ್ನಾ
ದಿನಾಂಕ: 15-10-2019, ಮಧ್ಯಾಹ್ನ 2 ಗಂಟೆ 25 ನಿಮಿಷ
ಸಹಿ: ಡೊರೀನ್ ಹಾಲ್ವರ್ಸನ್